ಎರಡು ಹಳೆ ಗೋವೆಗಳ ನಡುವೆ: ಹಡಗು ನಿಂತ ಏಳೂವರೆ ಗಂಟೆಯ ಪ್ರಕರಣ

ವಿಜಯಪುರದಿಂದ ಗೋವಾಕ್ಕೆ ಹೋಗುವವರು ರಾತ್ರಿ ಊಟ ಮುಗಿಸಿ ಬಸ್ಸು ಹತ್ತುತ್ತಾರೆ. ಬೆಳಗಾವಿ ದಾಟಿ ಚೋರ್ಲಾ ಘಾಟಿ ಇಳಿದರೆ ಬೆಳಗಿನ ಚಹಾ ಪಣಜಿಯಲ್ಲಿ. ಅಂಥ ಗೋವಾಕ್ಕೆ ನಾವು ನಾಲ್ವರು ಸೋಲಾಪುರದ ಮೇಲೆ ರೈಲಿನಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಪ್ರವಾಸಿ ಹಡಗು ಹತ್ತಿ ಹೋದೆವು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಎಂಬ ಗಾದೆ ನಮಗಾಗಿಯೇ ಹುಟ್ಟಿತೇನೋ ಎಂದು ಓಣಿಯವರು ನಕ್ಕರು. ನಗಲಿ. ಅರವತ್ತು ದಾಟಿದ ಮೇಲೆ ಒಮ್ಮೆ ಸಮುದ್ರದ ಮೇಲೆ ಮಲಗಿ ಏಳಬೇಕೆಂಬುದು ಅಕ್ಕನ ಆಸೆಯಾಗಿತ್ತು. ಬಂದರಿನಲ್ಲಿ ಹಡಗು ನಿಂತಾಗ ಯಾರ ಟೂರೂ ಬೇಡ, ನಾವೇ ಊರು ನೋಡೋಣ ಎಂಬುದು ನನ್ನ ಹಟವಾಗಿತ್ತು. ಈ ಬರಹ ಆ ಹಟದ ಕುರಿತದ್ದು. ಹಡಗಿನಲ್ಲಿ ಹೋಗಿಬಂದೆವೆಂದು ತಿಳಿದ ಮೇಲೆ ಬೆಳಗಿನ ವಾಕಿಂಗಿಗೆ ಬರುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಹಡಗಿನವರ ಟೂರು ತೆಗೆದುಕೊಳ್ಳಬೇಕೋ, ನಾವೇ ಹೊರಟರೆ ನಡೆಯುತ್ತದೆಯೋ? ಒಂದು ಮಾತಿನಲ್ಲಿ ಉತ್ತರ ಕೊಡಲು ನನಗೆ ಬರುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ, ಗಡಿಯಾರದ ಲೆಕ್ಕದೊಂದಿಗೆ ಬರೆದಿಟ್ಟಿದ್ದೇನೆ.

ನಾಲ್ವರು ಮತ್ತು ಒಂದು ಚೀಟಿ

ಅಕ್ಕನಿಗೆ 69 ವರ್ಷ, ಎರಡೂ ಮೊಣಕಾಲು ನೋವು, ಬಿ.ಪಿ. ಮಾತ್ರೆ ದಿನಕ್ಕೆರಡು ಬಾರಿ. ಭಾವನಿಗೆ 74, ನಿವೃತ್ತ ಓವರ್‌ಸಿಯರ್. ಕೈಗಡಿಯಾರವನ್ನು ನಲವತ್ತು ವರ್ಷದಿಂದ ಹತ್ತು ನಿಮಿಷ ಮುಂದೆ ಇಟ್ಟುಕೊಂಡು ಬಂದ ಮನುಷ್ಯ. ನನ್ನ ಹೆಂಡತಿ ಕಡಿಮೆ ಮಾತಿನವಳು, ಆದರೆ ಆಡಿದ ಮಾತು ತಪ್ಪುವುದು ಅಪರೂಪ. ನಾನು ಹೈಸ್ಕೂಲಿನಲ್ಲಿ 31 ವರ್ಷ ಇತಿಹಾಸ ಪಾಠ ಮಾಡಿದವನು. ಯೋಜನೆ ನನ್ನದು. ಮುಂದೆ ಬರುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಕೂಡ ನನ್ನವೇ.

ಹಡಗಿನ ಟೂರಿಗೆ ತಲೆಗೆ 2,800 ರೂಪಾಯಿ. ಹವಾನಿಯಂತ್ರಿತ ಬಸ್ಸು, ಗೈಡು, ಹಳೆ ಗೋವಾದ ಎರಡು ಚರ್ಚು, ನಂತರ ಸಾಂಬಾರ ಪದಾರ್ಥಗಳ ತೋಟದಲ್ಲಿ ಊಟ. ಭಾವ ಕೊಡಲು ಸಿದ್ಧರಿದ್ದರು. ನಾನು ಬೇಡವೆಂದೆ. ಮೆಣಸಿನ ಬಳ್ಳಿ ನೋಡುವುದಕ್ಕೆ ಗೋವಾಕ್ಕೆ ಹೋಗಬೇಕೇ? ಇದು ನಾನು ಬಾಯಿಬಿಟ್ಟು ಹೇಳಿದ ಕಾರಣ. ಒಳಗಿದ್ದ ಕಾರಣವೇ ಬೇರೆ. ನಾನು ನೋಡಬೇಕೆಂದಿದ್ದ ಒಂದು ಬಾಗಿಲು ಆ ಟೂರಿನ ಪಟ್ಟಿಯಲ್ಲಿ ಇರಲಿಲ್ಲ.

ಹಳೆ ಗೋವಾದಲ್ಲಿ ಉಳಿದಿರುವ ಆದಿಲಶಾಹಿ ಅರಮನೆಯ ಆ ಬಾಗಿಲು ನಮ್ಮ ಊರಿನದು ಎಂದರೆ ಅತಿಶಯೋಕ್ತಿಯಾಗದು. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಗೋವಾವನ್ನು ಗೆದ್ದ. ಬಹಮನಿ ರಾಜ್ಯ ಒಡೆದಾಗ ಅದು ವಿಜಯಪುರದ ಯೂಸುಫ್ ಆದಿಲ್ ಶಾಹನ ಪಾಲಿಗೆ ಬಂತು. ಅರಬಸ್ತಾನದ ಕುದುರೆಗಳು ಇಳಿಯುತ್ತಿದ್ದದ್ದು ಅಲ್ಲಿ, ಹಜ್ ಯಾತ್ರಿಕರು ಹಡಗು ಏರುತ್ತಿದ್ದದ್ದೂ ಅಲ್ಲಿ. 1510ರಲ್ಲಿ ಅಲ್ಬುಕರ್ಕ್ ಒಮ್ಮೆ ಹಿಡಿದ, ಮೇ ತಿಂಗಳಲ್ಲಿ ಆದಿಲಶಾಹಿ ಸೈನ್ಯ ಮರಳಿ ಕಿತ್ತುಕೊಂಡಿತು, ನವೆಂಬರ್ 25ರಂದು ಅವನು ಮತ್ತೆ ಹಿಡಿದ. ಆಮೇಲೆ 1961ರವರೆಗೆ ಪೋರ್ಚುಗೀಸರದೇ. ಗೋಳಗುಮ್ಮಟದ ಒಡೆಯ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಲ್ಲಿ. ಅಂದರೆ ನಮ್ಮ ಊರಿನ ದೊಡ್ಡ ದೊಡ್ಡ ಕಟ್ಟಡಗಳೆಲ್ಲ ಎದ್ದದ್ದು ಆ ಬಂದರು ಕೈತಪ್ಪಿದ ಮೇಲೆ. ಇದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಆ ಬಂದರಿನಲ್ಲಿ ನಾನು ಕಾಲಿಟ್ಟಿರಲಿಲ್ಲ. ಹಿಂದೆ ಎರಡು ಸಲ ಗೋವಾಕ್ಕೆ ಹೋದಾಗಲೂ ಕಲಂಗುಟ್ ಬೀಚ್ ನೋಡಿ ಮರಳಿದ್ದೆ.

ಚೀಟಿಯಲ್ಲಿ ಹೀಗೆ ಬರೆದುಕೊಂಡಿದ್ದೆ: "8:30ಕ್ಕೆ ಹಡಗು ಮುರಗಾಂವ್ ಬಂದರಿಗೆ. 4:00ಕ್ಕೆ ಎಲ್ಲರೂ ಹಡಗಿನೊಳಗೆ. ಕೈಯಲ್ಲಿ ಏಳೂವರೆ ಗಂಟೆ." ಈ ಚೀಟಿ ಈಗಲೂ ನನ್ನ ಬಳಿ ಇದೆ. ಪ್ರಕರಣದ ಮೊದಲ ತಪ್ಪು ಅದರ ಮೂರನೆಯ ವಾಕ್ಯದಲ್ಲಿದೆ.

ಏಳೂವರೆ ಗಂಟೆ ಎಲ್ಲಿ ಹೋಯಿತು

ಹಡಗು ಸರಿಯಾಗಿ 8:30ಕ್ಕೆ ಕಟ್ಟೆಗೆ ತಾಗಿತು. ಆದರೆ ಹಡಗು ತಾಗುವುದು ಬೇರೆ, ಜನ ಇಳಿಯುವುದು ಬೇರೆ. ಟೂರು ಕೊಂಡವರನ್ನು ಮೊದಲು, ಗುಂಪುಗುಂಪಾಗಿ, ಬಣ್ಣದ ಸ್ಟಿಕ್ಕರ್ ಅಂಟಿಸಿ ಇಳಿಸಿದರು. ಸ್ಟಿಕ್ಕರ್ ಇಲ್ಲದ ನಾವು ಲಾಂಜಿನಲ್ಲಿ ಕುಳಿತು, ಮದುವೆಯಲ್ಲಿ ಎರಡನೆಯ ಪಂಕ್ತಿಗೆ ಕಾಯುವವರಂತೆ ಬಾಗಿಲು ನೋಡುತ್ತಿದ್ದೆವು. ಮುರಗಾಂವ್ ಸರಕಿನ ಬಂದರು. ಅದರೊಳಗೆ ನಡೆದು ಹೋಗಲು ಬಿಡುವುದಿಲ್ಲ. ಕಟ್ಟೆಯಿಂದ ಗೇಟಿನವರೆಗೆ ಹಡಗಿನವರ ಬಸ್ಸಿನಲ್ಲೇ ಹೋಗಬೇಕು, ಗೇಟಿನಲ್ಲಿ ಹಡಗಿನ ಕಾರ್ಡು, ಆಧಾರ್ ಎರಡನ್ನೂ ತೋರಿಸಬೇಕು. ನಾವು ಹೊರಗೆ ನಿಂತಾಗ 9:35.

ಗೇಟಿನೆದುರು ಟ್ಯಾಕ್ಸಿಗಳ ಸಾಲು. ನಮ್ಮ ಕಡೆ ಮೊಬೈಲಿನಲ್ಲಿ ಬೆರಳು ಒತ್ತಿ ಕರೆಯುವ ದೊಡ್ಡ ಕಂಪನಿಗಳ ಟ್ಯಾಕ್ಸಿ ಗೋವಾದಲ್ಲಿ ಓಡುವುದಿಲ್ಲ. ಸ್ಥಳೀಯ ಟ್ಯಾಕ್ಸಿಯವರು ಹೇಳಿದ್ದೇ ದರ. ಹಳೆ ಗೋವಾಕ್ಕೆ ಹೋಗಿ, ಕಾದು, ಮರಳಿ ಬಿಡಲು 4,000 ಎಂದರು. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ ಸಾವಿರ. ಹೆಂಡತಿ ಮೆಲ್ಲನೆ, "ಇದನ್ನೇ ಮಾಡಿಕೊಳ್ಳೋಣ" ಎಂದಳು. ನಾನು ಕೇಳಲಿಲ್ಲ. ವಾಸ್ಕೋದಿಂದ ಪಣಜಿಗೆ ಬಸ್ಸಿದೆ, ಐವತ್ತು ರೂಪಾಯಿಯೊಳಗೆ ಮುಗಿಯುತ್ತದೆ ಎಂದೆ. ಮೇಷ್ಟರ ಬುದ್ಧಿ, ಪಿಂಚಣಿ ಬರುತ್ತಿದ್ದರೂ ಬಿಡುವುದಿಲ್ಲ.

ವಾಸ್ಕೋ ಬಸ್ ನಿಲ್ದಾಣಕ್ಕೆ ಒಂದು ರಿಕ್ಷಾ ಹಿಡಿದೆವು. ಅಲ್ಲಿ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವ 'ಪೈಲಟ್'ಗಳೂ ಇದ್ದಾರೆ, ಹಳದಿ ಕಪ್ಪು ಬಣ್ಣದ ಬೈಕುಗಳು. ಅಕ್ಕನನ್ನು ಪೈಲಟ್ ಹಿಂದೆ ಕೂರಿಸೋಣವೇ ಎಂದು ಭಾವ ತಮಾಷೆ ಮಾಡಿದರು. ಅಕ್ಕ ನಗಲಿಲ್ಲ. ನಿಲ್ದಾಣದಲ್ಲಿ ಒಂದು ವಿಚಿತ್ರ ಅನುಭವವಾಯಿತು. ಸುತ್ತಲೂ ನಮ್ಮ ಮಾತು. ಬುಟ್ಟಿ ಹೊತ್ತ ಹೆಂಗಸರು, ಸಿಮೆಂಟು ಮೆತ್ತಿದ ಚೀಲ ಹಿಡಿದ ಹುಡುಗರು, ಎಲ್ಲರ ಬಾಯಲ್ಲೂ ಇಂಡಿ, ಸಿಂದಗಿ, ಬಾದಾಮಿಯ ಕನ್ನಡ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಎರಡು ತಲೆಮಾರಿನಿಂದ ಜನ ದುಡಿಯಲು ವಾಸ್ಕೋಗೆ ಬರುತ್ತಿದ್ದಾರೆ. ಬೈನಾ, ಝುವಾರಿನಗರಗಳಲ್ಲಿ ಅವರ ಕೇರಿಗಳೇ ಇವೆ. ಓದಿ ತಿಳಿದಿದ್ದೆ. ಕಿವಿಗೆ ಬಿದ್ದಾಗ ಬೇರೆಯೇ ಅನಿಸಿತು.

ಪಣಜಿಗೆ ನಡುವೆ ಎಲ್ಲೂ ನಿಲ್ಲದ ಕದಂಬ ಶಟಲ್ ಬಸ್ಸು ಇದೆ. ಟಿಕೆಟ್ ಕಿಟಕಿಯ ಮುಂದೆ ಸರತಿ ಉದ್ದ ಇತ್ತು. ಪಕ್ಕದಲ್ಲೇ ಖಾಸಗಿ ಲೋಕಲ್ ಬಸ್ಸೊಂದು ಹೊರಡಲು ಗುರುಗುಟ್ಟುತ್ತಿತ್ತು. ಹತ್ತಿದೆವು. ಎರಡನೆಯ ತಪ್ಪು ನಡೆದದ್ದು ಆ ಬಸ್ಸಿನಲ್ಲಿ.

ಹೆಸರಿನ ಮೋಸ

ಕಂಡಕ್ಟರ್ ಬಂದ. "ಓಲ್ಡ್ ಗೋವಾ" ಎಂದಿದ್ದರೆ ಪಣಜಿಗೆ ಟಿಕೆಟ್ ಕೊಟ್ಟು, ಅಲ್ಲಿ ಬಸ್ಸು ಬದಲಿಸಿ ಎನ್ನುತ್ತಿದ್ದ. ನಾನು ಪುಸ್ತಕದಲ್ಲಿ ಓದಿದ ಪೋರ್ಚುಗೀಸ್ ಹೆಸರು ಹೇಳಿದೆ: "ವೆಲ್ಹಾ ಗೋವಾ." ಅವನು ಒಮ್ಮೆ ನನ್ನ ಮುಖ ನೋಡಿ ನಾಲ್ಕು ಟಿಕೆಟ್ ಹರಿದುಕೊಟ್ಟ. ಪಕ್ಕದಲ್ಲಿ ಕುಳಿತ ಹೆಂಡತಿಯ ಮತ್ತು ಭಾವನ ಮುಂದೆ ಸ್ವಲ್ಪ ಮೆರೆದ ಹಾಗಾಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಜುವಾರಿ ನದಿಯ ಹೊಸ ಸೇತುವೆ ದಾಟುವಾಗ ಎಲ್ಲರೂ ಕಿಟಕಿಗೆ ಮುಖ ಒತ್ತಿದೆವು. ಎತ್ತರದ ಕಂಬಗಳಿಂದ ಕೇಬಲ್ಲುಗಳು ಇಳಿಬಿದ್ದ ದೊಡ್ಡ ಸೇತುವೆ. 2022ರ ಡಿಸೆಂಬರಿನಲ್ಲಿ ಒಂದು ಬದಿ, ಮರುವರ್ಷ ಇನ್ನೊಂದು ಬದಿ ತೆರೆಯಿತು. ಸೇತುವೆ ಇಳಿದು ಆಗಶಿ ದಾಟಿ ಸ್ವಲ್ಪ ಹೊತ್ತಿಗೆ ಕಂಡಕ್ಟರ್ ನಮ್ಮ ಕಡೆ ಕೈ ಮಾಡಿ, "ಗೋವಾ ವೆಲ್ಹಾ!" ಎಂದ. ಇಳಿದೆವು. ಬಸ್ಸು ಹೋಯಿತು. ಗಂಟೆ 11:20.

ಹೆದ್ದಾರಿ, ಎರಡು ಅಂಗಡಿ, ಒಂದು ತೆಂಗಿನ ತೋಟ. ಚರ್ಚುಗಳ ಗೋಪುರ ಎಲ್ಲೂ ಇಲ್ಲ.

ಭಾವ ಗಡಿಯಾರ ನೋಡಿಕೊಂಡು, "ನಿನ್ನ ಬಾದಶಹನ ಊರು ಸಣ್ಣದಾಯಿತು" ಎಂದರು.

ಇಲ್ಲಿ ಸ್ವಲ್ಪ ನಿಂತು ವಿವರಿಸಬೇಕು, ಏಕೆಂದರೆ ಈ ಗೊಂದಲಕ್ಕೆ ಸುಮಾರು ಐನೂರು ವರ್ಷದ ಹಿನ್ನೆಲೆ ಇದೆ. ಗೋವಾದಲ್ಲಿ ಎರಡು 'ಹಳೆ ಗೋವಾ'ಗಳಿವೆ. 'ವೆಲ್ಹಾ' ಎಂದರೆ ಹಳೆಯದು. ಪೋರ್ಚುಗೀಸರು ಬಂದಾಗ ಮಾಂಡವಿ ನದಿಯ ದಡದ ಏಲಾ ಎಂಬ ಊರು ಆದಿಲಶಾಹಿಯ ಬಂದರಾಗಿತ್ತು. ಅದಕ್ಕೂ ಮುಂಚಿನ, ಆಗಲೇ ಹಾಳುಬಿದ್ದಿದ್ದ ಬಂದರು ದಕ್ಷಿಣದ ಜುವಾರಿ ದಡದಲ್ಲಿತ್ತು. ಅದನ್ನು ಅವರು ಗೋವಾ ವೆಲ್ಹಾ ಎಂದು ಕರೆದರು. ಮುಂದೆ ಅವರದೇ ರಾಜಧಾನಿ ರೋಗರುಜಿನಕ್ಕೆ ತುತ್ತಾಗಿ, ಜನ ಖಾಲಿಯಾಗಿ, 1843ರಲ್ಲಿ ಅಧಿಕೃತವಾಗಿ ರಾಜಧಾನಿ ಪಣಜಿಗೆ ಹೋಯಿತು. ಆಗ ಏಲಾ ಕೂಡ ಹಳೆಯದಾಯಿತು: ವೆಲ್ಹಾ ಗೋವಾ. ಶಬ್ದಗಳ ಸ್ಥಾನ ಅದಲುಬದಲಾದರೆ ಊರೇ ಬದಲು. ಕಂಡಕ್ಟರನ ಕಿವಿಗೆ ನನ್ನ ಪಾಂಡಿತ್ಯ ಹೇಗೆ ಕೇಳಿಸಿತೋ, ಅವನ ಬಸ್ಸಿನ ದಾರಿಯಲ್ಲಿ ಇದ್ದ ಊರನ್ನು ಅವನು ಕೊಟ್ಟ. ತಪ್ಪು ಅವನದಲ್ಲ.

ನಾನು ನಿಂತ ನೆಲ ಗೋಪಕಪಟ್ಟಣದ್ದು ಎಂಬುದು ಹೊಳೆದದ್ದು ಆಮೇಲೆ. ಗೋವಾ ಕದಂಬರ ರಾಜಧಾನಿ, 11ನೇ ಶತಮಾನದಲ್ಲಿ ಒಂದನೆಯ ಜಯಕೇಶಿಯ ಕಾಲಕ್ಕೆ ಚಂದ್ರಾಪುರದಿಂದ ಇಲ್ಲಿಗೆ ಬಂದದ್ದು. ಕನ್ನಡದಲ್ಲಿ ಶಾಸನ ಬರೆಸಿದ ಮನೆತನ. ಬೆಳಗಾವಿ ಜಿಲ್ಲೆಯ ಹಲಸಿ ಅವರ ಇನ್ನೊಂದು ರಾಜಧಾನಿ, ದೇಗಾಂವಿಯ ಕಮಲನಾರಾಯಣ ಗುಡಿ ಅವರ ರಾಣಿ ಕಮಲಾದೇವಿ ಕಟ್ಟಿಸಿದ್ದು. ಗೋವಾದ ಸರ್ಕಾರಿ ಬಸ್ಸುಗಳ ಮೇಲೆ ಇಂದಿಗೂ ಇರುವುದು ಅವರದೇ ಹೆಸರು. ನದಿಯ ಕಡೆ ಹೋದರೆ ಅವರ ಬಂದರಿನ ಜಂಬಿಟ್ಟಿಗೆ ಕಲ್ಲಿನ ಗೋಡೆಯ ಅವಶೇಷ ಕಾಣಸಿಗುತ್ತದೆ, ಪಿಳಾರ್ ಗುಡ್ಡದ ಮೇಲಿನ ಸೆಮಿನರಿಯ ಸಂಗ್ರಹಾಲಯದಲ್ಲಿ ಕದಂಬ ಕಾಲದ ವಸ್ತುಗಳಿವೆ. ಹಳೆಯ ಬಂದರು ಪಟ್ಟಣವೊಂದನ್ನು ನೋಡಲು ಬಂದವನು ಅದಕ್ಕಿಂತ ಹಳೆಯ ಬಂದರಿನಲ್ಲಿ ಇಳಿದಿದ್ದೆ. ಕೈಯಲ್ಲಿ ಒಂದು ಗಂಟೆ ಹೆಚ್ಚಿದ್ದರೆ ಈ ತಪ್ಪು ಆ ದಿನದ ಅತ್ಯುತ್ತಮ ಭಾಗವಾಗುತ್ತಿತ್ತು. ಇರಲಿಲ್ಲ. ಗೋಡೆಯನ್ನೂ ನೋಡಲಿಲ್ಲ, ಗುಡ್ಡವನ್ನೂ ಹತ್ತಲಿಲ್ಲ.

ಚಹಾದಂಗಡಿಯ ಹೆಣ್ಣುಮಗಳು ನಮ್ಮ ಮಾತು ಕೇಳಿ, "ಕಾಕಾ, ವಿಜಯಪುರದವರೇ?" ಎಂದಳು. ಮುದ್ದೇಬಿಹಾಳದ ಕಡೆಯ ತಾಂಡಾದವಳು, ಗಂಡ ಗೌಂಡಿ ಕೆಲಸ. "ಚರ್ಚು ನೋಡಲು ಬಂದು ಇಲ್ಲಿ ಇಳಿದವರಲ್ಲಿ ನೀವೇ ಮೊದಲಿನವರಲ್ಲ" ಎಂದು ಅಕ್ಕನಿಗೆ ಸ್ಟೂಲು ಕೊಟ್ಟು, ಗುರುತಿನ ಟ್ಯಾಕ್ಸಿಯವನಿಗೆ ಫೋನು ಮಾಡಿದಳು. ಚಹಾಕ್ಕೆ ಪೂರ್ತಿ ಹಣ ತೆಗೆದುಕೊಂಡಳು. ಅದು ನನಗೆ ಹಿಡಿಸಿತು. ಟ್ಯಾಕ್ಸಿ ಬಂದು ನಾವು ಹೊರಟಾಗ 11:50. ಹಳೆ ಗೋವಾದವರೆಗೆ 800 ರೂಪಾಯಿ. ಅದರಲ್ಲಿ ಆಕೆಗೆ ಐವತ್ತು ಸಿಕ್ಕಿರಬಹುದು. ಸಿಗಲಿ.

ಶುಕ್ರವಾರ

ನೇವರಾ, ಕರಮಳಿಯ ಒಳದಾರಿಯಿಂದ ಗದ್ದೆ, ಕೆರೆ ನೋಡುತ್ತ ಹೋಗಿ 12:15ಕ್ಕೆ ಬಾಂ ಜೀಸಸ್ ಬೆಸಿಲಿಕಾದ ಎದುರು ಇಳಿದೆವು. ಟ್ಯಾಕ್ಸಿಯವನನ್ನು ಕಾಯಲು ಹೇಳಿದೆ. ಹಡಗಿನವರೆಗೆ ಬಿಡಲು, ಕಾಯುವುದೂ ಸೇರಿ, 2,400 ಕೇಳಿದ. ಈ ಸಲ ಚೌಕಾಸಿ ಮಾಡುವ ಧೈರ್ಯ ನನಗಿರಲಿಲ್ಲ.

ಬೆಸಿಲಿಕಾ 1594ರಲ್ಲಿ ಆರಂಭವಾಗಿ 1605ರಲ್ಲಿ ಪ್ರತಿಷ್ಠೆಯಾದದ್ದು. ಹೊರಗಿನ ಗಿಲಾಯಿಯನ್ನು 1950ರ ದಶಕದಲ್ಲಿ ಕೆತ್ತಿ ತೆಗೆದದ್ದರಿಂದ ಕೆಂಪು ಜಂಬಿಟ್ಟಿಗೆ ಹಾಗೇ ಕಾಣುತ್ತದೆ. ಚಿತ್ರದಲ್ಲಿ ಚೆಂದ, ಮಳೆಗೆ ಕಲ್ಲು ಸವೆಯುತ್ತದೆ. ಒಳಗೆ ಸಂತ ಫ್ರಾನ್ಸಿಸ್ ಝೇವಿಯರನ ಬೆಳ್ಳಿಯ ಪೆಟ್ಟಿಗೆ ಎತ್ತರದ ಅಮೃತಶಿಲೆಯ ಕಟ್ಟೆಯ ಮೇಲಿದೆ. ಕಟ್ಟೆ ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಕಳಿಸಿದ್ದು, 1698ರಲ್ಲಿ ಕೂಡಿಸಿದ್ದು. ಅಕ್ಕ ತಲೆ ಎತ್ತಿ ಬಹಳ ಹೊತ್ತು ನೋಡಿದಳು. "ಇಷ್ಟು ಎತ್ತರಕ್ಕೆ ಇಟ್ಟರೆ ಮುಟ್ಟಿ ನಮಸ್ಕರಿಸುವುದು ಹೇಗೆ?" ಎಂದಳು. ಆಮೇಲೆ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು, "ನನ್ನಿಂದ ಇನ್ನು ನಡೆಯಲು ಆಗುವುದಿಲ್ಲ, ನೀವು ಹೋಗಿಬನ್ನಿ" ಎಂದಳು. ಭಾವ ಅವಳ ಜೊತೆ ಉಳಿದರು.

ರಸ್ತೆಯಾಚೆ ಸೇ ಕೆಥೆಡ್ರಲ್, ಅದರ ಪಕ್ಕದಲ್ಲಿ ಸಂತ ಅಸಿಸಿಯ ಫ್ರಾನ್ಸಿಸನ ಮಠದಲ್ಲಿ ಪುರಾತತ್ವ ಸಂಗ್ರಹಾಲಯ. ಪೋರ್ಚುಗೀಸ್ ಗವರ್ನರುಗಳ ಸಾಲು ಚಿತ್ರಗಳು ಅಲ್ಲಿವೆ. ವಿಜಯಪುರವನ್ನು ಕಾಡಿದವರ ಮುಖಗಳನ್ನು ಒಮ್ಮೆ ನೋಡಬೇಕೆಂದು ಚೀಟಿಯಲ್ಲಿ ಗೆರೆ ಎಳೆದಿಟ್ಟಿದ್ದೆ. ಬಾಗಿಲು ಮುಚ್ಚಿತ್ತು. ಶುಕ್ರವಾರ ರಜೆ.

ಹೆಂಡತಿ ಫಲಕ ಓದಿ, "ನಮ್ಮ ಗೋಳಗುಮ್ಮಟದ ಮ್ಯೂಸಿಯಮ್ಮಿಗೆ ರಜೆ ಯಾವಾಗ?" ಎಂದಳು.

"ಶುಕ್ರವಾರ."

"ಎರಡೂ ಒಂದೇ ಇಲಾಖೆಯವು ಅಲ್ಲವೇ?"

ಹೌದು, ಎರಡೂ ಭಾರತೀಯ ಪುರಾತತ್ವ ಸರ್ವೇಕ್ಷಣೆಯವು. ಎಷ್ಟು ಸಲ ಹೊರಗಿನಿಂದ ಬಂದ ನೆಂಟರಿಗೆ ನಾನೇ ಹೇಳಿದ್ದೇನೆ, ಶುಕ್ರವಾರ ಬರಬೇಡಿ ಎಂದು. ಟೂರಿನವರಿಗೆ ಇದು ತಿಳಿದಿತ್ತು. ಅದಕ್ಕೇ ಅವರ ಪಟ್ಟಿಯಲ್ಲಿ ಸಂಗ್ರಹಾಲಯ ಇರಲಿಲ್ಲ. ನಾನು ಅದನ್ನು ಅವರ ಅರಸಿಕತನವೆಂದು ತಿಳಿದಿದ್ದೆ.

ಎರಡು ಕಂಬ

ಕೆಥೆಡ್ರಲ್ಲಿನ ಪಕ್ಕದ ರಸ್ತೆಯಲ್ಲಿ ನದಿಯ ಕಡೆ ನಡೆದರೆ ಸಂತ ಕಾಜೆಟಾನ್ ಚರ್ಚು ಬರುತ್ತದೆ. ಗುಮ್ಮಟವಿರುವ ಚರ್ಚು, 17ನೇ ಶತಮಾನದ್ದು. ಅದರ ಹತ್ತಿರ ಹುಲ್ಲಿನ ನಡುವೆ ನಾಲ್ಕಾರು ಮೆಟ್ಟಿಲು, ಮೇಲೆ ಒಂದು ಬಾಗಿಲ ಚೌಕಟ್ಟು. ಎರಡು ಕರಿಕಲ್ಲಿನ ಕಂಬ, ಮೇಲೆ ಅಡ್ಡ ತೊಲೆಗಲ್ಲು, ಬದಿಗೆ ಒಡೆದ ಜಾಲಂಧರದ ತುಣುಕು. ಗೋಡೆ ಇಲ್ಲ, ಮಾಡು ಇಲ್ಲ. ಈ ಕಡೆಯಿಂದ ದಾಟಿದರೆ ಆ ಕಡೆಯೂ ಹುಲ್ಲೇ. ಯೂಸುಫ್ ಆದಿಲ್ ಶಾಹನ ಅರಮನೆಯಲ್ಲಿ ಉಳಿದದ್ದು ಇಷ್ಟು. ಊರು ಗೆದ್ದಾಗ ಪೋರ್ಚುಗೀಸರು ಅದನ್ನು ಕೆಡವಲಿಲ್ಲ, ಅದರಲ್ಲೇ ವಾಸ ಮಾಡಿದರು. ವೈಸರಾಯ್‌ಗಳು 1695ರವರೆಗೆ ಇಲ್ಲಿದ್ದರು. ಕಟ್ಟಡವನ್ನು ಕೆಡವಿದ್ದು 1820ರಲ್ಲಿ, ಯುದ್ಧದಲ್ಲಲ್ಲ. ಬಿಟ್ಟುಹೋದ ಊರಿನ ಕಲ್ಲು ಹೊಸ ಊರಿಗೆ ಬೇಕಾಗಿತ್ತು.

ಸುತ್ತಲಿನ ನೆಲವೆಲ್ಲ ಕೆಂಪು. ಕಟ್ಟಡಗಳೂ ಕೆಂಪು ಕಲ್ಲಿನವು, ಮೇಲೆ ಸುಣ್ಣ. ಅದರ ನಡುವೆ ಈ ಕಪ್ಪು ಕಂಬ ನಮ್ಮೂರಿನಿಂದ ದಾರಿ ತಪ್ಪಿ ಬಂದು ನಿಂತ ಹಾಗಿತ್ತು. ಅಂಗೈ ಇಟ್ಟೆ. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಸುಡುತ್ತಿತ್ತು. ಇಬ್ರಾಹಿಂ ರೋಜಾದ ಕಟ್ಟೆಯ ಮೇಲೆ ಏಪ್ರಿಲ್ಲಿನಲ್ಲಿ ಕೈ ಊರಿದರೆ ಹೀಗೇ ಸುಡುತ್ತದೆ. ಕಂಬದ ಬುಡದಲ್ಲಿ ಕೆತ್ತಿದ ಪಟ್ಟಿಗಳ ಸಂದಿಯಲ್ಲಿ ಇರುವೆಗಳು ಸಾಲುಗಟ್ಟಿ ಮೇಲೇರಿ, ತೊಲೆಗಲ್ಲಿನ ಮೂಲೆಯಲ್ಲಿ ಒಳಸೇರುತ್ತಿದ್ದವು. ಆ ಇಪ್ಪತ್ತು ನಿಮಿಷದಲ್ಲಿ ನಾವಲ್ಲದೆ ಬೇರೆ ಯಾರೂ ಬರಲಿಲ್ಲ. ಹಡಗಿನ ಟೂರಿನ ಬಸ್ಸು ಅಷ್ಟು ಹೊತ್ತಿಗೆ ತೋಟದ ಕಡೆ ಹೊರಟಿರಬೇಕು.

ಪಣಜಿಯಲ್ಲೂ ಆದಿಲ್ ಶಾಹನ ಹೆಸರಿನ ಇನ್ನೊಂದು ಅರಮನೆ ಇದೆ, ಗೋವಾದ ಹಳೆಯ ಸಚಿವಾಲಯ. ಪೋರ್ಚುಗೀಸರು ಅದನ್ನು 'ಇದಾಲ್ಕಾಂವ್' ಅರಮನೆ ಎನ್ನುತ್ತಿದ್ದರು. ಆದಿಲ್ ಖಾನ್ ಎಂಬುದು ಅವರ ನಾಲಿಗೆಯಲ್ಲಿ ಹಾಗಾಯಿತು. ಅಲ್ಲಿಗೆ ಹೋಗುವ ಸಮಯ ಗೋವಾ ವೆಲ್ಹಾದ ಚಹಾದಂಗಡಿಯಲ್ಲಿ ಕಳೆದುಹೋಗಿತ್ತು.

ಅಲ್ಲಿಂದ ನದಿಯ ಕಡೆ ಸ್ವಲ್ಪ ಇಳಿದರೆ ವೈಸರಾಯ್ ಕಮಾನು. ವಾಸ್ಕೋ ಡ ಗಾಮನ ಮರಿಮಗ ತಾನು ವೈಸರಾಯ್ ಆಗಿದ್ದಾಗ ಮುತ್ತಜ್ಜನ ಮೂರ್ತಿ ಕೂರಿಸಿ ಕಟ್ಟಿಸಿದ್ದು. ಈಗ ನಿಂತಿರುವುದು 1954ರಲ್ಲಿ ಮರುಕಟ್ಟಿದ್ದು. ಕಮಾನಿನಾಚೆ ಮಾಂಡವಿ, ದಿವಾಡಿ ದ್ವೀಪಕ್ಕೆ ಹೋಗುವ ಫೆರ್ರಿ. ಹಡಗುಗಳು ಬಂದು ನಿಲ್ಲುತ್ತಿದ್ದ ದಡದಲ್ಲಿ ಈಗ ನಾಲ್ಕು ಬೈಕು, ಒಂದು ಹಾಲಿನ ವ್ಯಾನು ಕಾಯುತ್ತಿದ್ದವು. ಕಮಾನಿನ ಕೆಳಗೆ ಒಂದು ಫೋಟೊ ತೆಗೆಸಿಕೊಂಡು ತಿರುಗಿದೆವು.

ಹನ್ನೆರಡು ನಿಮಿಷ ಮತ್ತು ಎಂಟು ನಿಮಿಷ

ಮರಳಿ ಬಂದಾಗ 1:45. ಕಟ್ಟೆಯ ಮೇಲೆ ಅಕ್ಕನೂ ಇಲ್ಲ, ಭಾವನೂ ಇಲ್ಲ.

ಫೋನು ಹೊಡೆದೆ. ಎತ್ತಲಿಲ್ಲ. ಚರ್ಚಿನೊಳಗೆ ಹೋಗುವಾಗ ಸದ್ದು ಆರಿಸಿದ್ದರು, ಮತ್ತೆ ಹಾಕಿರಲಿಲ್ಲ. ಬೆಸಿಲಿಕಾದ ಒಳಗೆ ಹುಡುಕಿದೆ, ನೀರಿನ ನಲ್ಲಿಯ ಬಳಿ ಹುಡುಕಿದೆ. ಅಷ್ಟರಲ್ಲಿ ಹೆಂಡತಿ ಅವರನ್ನು ಕೆಥೆಡ್ರಲ್ಲಿನ ಬಾಗಿಲಲ್ಲಿ ಕಂಡಳು. ಕುಳಿತು ಬೇಸರವಾಗಿ, ದೊಡ್ಡ ಗಂಟೆ ಇರುವ ಚರ್ಚಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ, ನಿಧಾನಕ್ಕೆ ನಡೆದು ಹೋಗಿದ್ದರು. ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದಿತು ಎಂಬುದನ್ನು ಭಾವ ನನಗೆ ವಿವರಿಸತೊಡಗಿದರು. ಇದರಲ್ಲಿ ಹನ್ನೆರಡು ನಿಮಿಷ ಹೋಯಿತು. ಅಕ್ಕ ಕಾರಿನವರೆಗೆ ನಡೆಯಲು ಇನ್ನೊಂದಿಷ್ಟು. ಹೊರಟಾಗ 2:10.

ನಡುವೆ ಭಾವ ಎರಡು ಸಲ, "ತಡವಾಯಿತು" ಎಂದಿದ್ದರು. ಎರಡು ಸಲವೂ ನಾನು, "ನಿಮ್ಮ ಗಡಿಯಾರ ಹತ್ತು ನಿಮಿಷ ಮುಂದಿದೆ" ಎಂದು ಬಾಯಿ ಮುಚ್ಚಿಸಿದ್ದೆ.

ಹಳೆ ಗೋವಾದಿಂದ ಮುರಗಾಂವ್ ಬಂದರಿಗೆ ಸುಮಾರು 40 ಕಿಲೋಮೀಟರ್. ರಸ್ತೆ ಖಾಲಿ ಇದ್ದರೆ ಒಂದು ಗಂಟೆ. ಸೇತುವೆಯವರೆಗೆ ಕಾರು ಚೆನ್ನಾಗಿಯೇ ಓಡಿತು. ವಾಸ್ಕೋ ಹತ್ತಿರವಾದಂತೆ ಲಾರಿಗಳ ಸಾಲು ಶುರುವಾಯಿತು. 3:05ಕ್ಕೆ ಕಾರು ನಿಂತೇಬಿಟ್ಟಿತು. ಚಾಲಕ ಎಂಜಿನ್ ಆರಿಸಿ ಕಿಟಕಿಯಿಂದ ತಲೆ ಹೊರಹಾಕಿದ. ನಾವು ನಾಲ್ವರೂ ಮುಂದಿನ ಲಾರಿಯ ಹಿಂಬದಿಯ ಬರಹವನ್ನು ಬಾಯಿಪಾಠ ಮಾಡಿದೆವು.

"ಹಡಗು ಬಿಟ್ಟರೆ ಬಿಡಲಿ" ಎಂದರು ಭಾವ. "ಇಲ್ಲಿಂದ ಊರಿಗೆ ರಾತ್ರಿ ಬಸ್ಸಿದೆ. ಬೇರೆಯವರಿಗೆ ಹಾಗಿಲ್ಲ, ಪಾಪ."

ಅದು ನಿಜವೇ. ಆದರೆ ಆಗ ಅಕ್ಕ ಮೆಲ್ಲಗೆ, "ನನ್ನ ಮಾತ್ರೆ ಹಡಗಿನ ಕೋಣೆಯಲ್ಲಿವೆ" ಎಂದಳು. ಕಾರಿನಲ್ಲಿ ಯಾರೂ ಮುಂದೆ ಮಾತನಾಡಲಿಲ್ಲ.

ಹಡಗಿನವರು ಪ್ರತಿ ರಾತ್ರಿ ಕೋಣೆಯ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸುತ್ತಾರೆ. ಮರುದಿನದ ವೇಳಾಪಟ್ಟಿ, ಬಂದರಿನಲ್ಲಿರುವ ಅವರ ಏಜೆಂಟರ ಫೋನ್ ನಂಬರ್ ಅದರಲ್ಲಿರುತ್ತದೆ. ತಡವಾಗುವಂತಿದ್ದರೆ ಕರೆ ಮಾಡಬೇಕಾದದ್ದು ಆ ನಂಬರಿಗೆ. ಆ ಹಾಳೆಯೂ ಮಾತ್ರೆಯ ಪಕ್ಕದಲ್ಲೇ, ಕೋಣೆಯ ಮೇಜಿನ ಮೇಲಿತ್ತು.

3:41ಕ್ಕೆ ಗೇಟು. ಒಳಗಿನ ಬಸ್ಸು ಹೊರಡುವುದರಲ್ಲಿತ್ತು. ಭಾವ ಅದರ ಬಾಗಿಲಿಗೆ ಒಂದು ಕಾಲು ಕೊಟ್ಟು ನಿಂತು, ಅಕ್ಕ ಬರುವವರೆಗೆ ಬಿಡಲಿಲ್ಲ. ಹಡಗಿನ ಏಣಿಯ ಬಳಿ ಕಾರ್ಡು ಉಜ್ಜಿದಾಗ 3:52. ಉಳಿದದ್ದು ಎಂಟು ನಿಮಿಷ. ಭಾವನ ಗಡಿಯಾರದಲ್ಲಿ 4:02. ಅವರ ಪ್ರಕಾರ ನಾವು ಹಡಗು ತಪ್ಪಿಸಿಕೊಂಡವರೇ. ಮನೆಯಲ್ಲಿ ಈಗಲೂ ಹಾಗೆಯೇ ಹೇಳುತ್ತಾರೆ.

ಲೆಕ್ಕ ಬಿಡಿಸಿದಾಗ

ಒಟ್ಟು ಖರ್ಚು, ರಿಕ್ಷಾ, ಬಸ್ಸು, ಚಹಾ, ಎರಡು ಬಾರಿಯ ಟ್ಯಾಕ್ಸಿ ಸೇರಿ, 3,800 ರೂಪಾಯಿ. ಟೂರು ತೆಗೆದುಕೊಂಡಿದ್ದರೆ 11,200. ಇದನ್ನು ಮೊದಲು ಹೇಳಿದರೆ ಕೇಳುವವರು ಉಳಿದದ್ದನ್ನು ಕೇಳುವುದಿಲ್ಲ, ಅದಕ್ಕೇ ಕೊನೆಗೆ ಇಟ್ಟೆ. ಗೇಟಿನಲ್ಲಿ 4,000 ಕೇಳಿದ ಟ್ಯಾಕ್ಸಿಯನ್ನು ಒಪ್ಪಿದ್ದರೆ 200 ರೂಪಾಯಿ ಹೆಚ್ಚಾಗುತ್ತಿತ್ತು. ಆ 200 ರೂಪಾಯಿಗೆ ನಾನು ಒಂದು ಗಂಟೆಗೂ ಹೆಚ್ಚು ಸಮಯ ಮಾರಿದೆ.

ಟೂರಿನವರು ಕೊಡುವುದು ಗೈಡನ್ನಲ್ಲ, ಭರವಸೆಯನ್ನು. ಅವರ ಬಸ್ಸು ಲಾರಿಗಳ ನಡುವೆ ಸಿಕ್ಕಿಕೊಂಡರೆ ಹಡಗು ಕಾಯುತ್ತದೆ. ನಮ್ಮ ಕಾರು ಸಿಕ್ಕಿಕೊಂಡರೆ ಕಾಯುವುದಿಲ್ಲ. ಆ ಭರವಸೆ ಬೇಡ ಎನ್ನುವವರು ಅದನ್ನು ತಮ್ಮ ಸಮಯದಿಂದಲೇ ಕೊಂಡುಕೊಳ್ಳಬೇಕು. ಏಳೂವರೆ ಗಂಟೆಯನ್ನು ಈಗ ಮತ್ತೆ ಕೂತು ಲೆಕ್ಕ ಹಾಕುತ್ತೇನೆ, ಈ ಸಲ ಹಿಂದಿನಿಂದ. ನಾಲ್ಕು ಗಂಟೆಗೆ ಒಳಗೆ. ಕಾಣದ್ದಕ್ಕೆಂದು ಒಂದು ಗಂಟೆ ಎತ್ತಿಟ್ಟರೆ ಮೂರಕ್ಕೆ ಗೇಟಿನಲ್ಲಿರಬೇಕು. ದಾರಿಗೆ ಒಂದೂವರೆ ಗಂಟೆ ಹಿಡಿದರೆ ಹಳೆ ಗೋವಾ ಬಿಡುವುದು ಒಂದೂವರೆಗೆ. ಇಳಿಯುವುದಕ್ಕೆ ಒಂದು ಗಂಟೆ ಐದು ನಿಮಿಷ ಹೋಗಿದೆ, ನೇರ ಕಾರಿನಲ್ಲಿ ಹೋದರೆ ಇನ್ನೊಂದು ಗಂಟೆ ಹತ್ತು ನಿಮಿಷ, ಅಂದರೆ ಮುಟ್ಟುವುದು ಹತ್ತೂಮುಕ್ಕಾಲಿಗೆ. ಊರಿನಲ್ಲಿ ನಿಲ್ಲಲು ಸಿಗುವುದು ಎರಡೂಮುಕ್ಕಾಲು ಗಂಟೆ. ಚೀಟಿಯ ಏಳೂವರೆ ಎಲ್ಲಿ, ಇದೆಲ್ಲಿ! ಆದರೂ ಎರಡೂಮುಕ್ಕಾಲು ಗಂಟೆ ಕಡಿಮೆಯೇನಲ್ಲ. ಅಕ್ಕನ ಕಾಲು ಆಯಾಸಗೊಳ್ಳುವ ಮೊದಲೇ, ಕಾರಿನಲ್ಲೇ ನೇರ ಆ ಕರಿಕಂಬದವರೆಗೆ ಹೋಗಿ, ಅಲ್ಲಿಂದ ಹಿಂದೆ ಬರುತ್ತ ಚರ್ಚುಗಳನ್ನು ನೋಡಬಹುದಿತ್ತು. ನಾನು ನೋಡಲೇಬೇಕಾದದ್ದನ್ನು ಕೊನೆಗೆ ಇಟ್ಟೆ, ಪಾಠದ ಮುಖ್ಯ ಭಾಗವನ್ನು ಗಂಟೆ ಹೊಡೆಯುವ ಹೊತ್ತಿಗೆ ಶುರುಮಾಡುವ ಮೇಷ್ಟರಂತೆ.

ಊರಿನ ಹೆಸರಿನ ವಿಷಯ. ಚಾಲಕನಿಗೋ ಕಂಡಕ್ಟರಿಗೋ ಊರಿನ ಹೆಸರು ಹೇಳುವುದಕ್ಕಿಂತ ಕಟ್ಟಡದ ಹೆಸರು ಹೇಳುವುದು ಲೇಸು. 'ಬಾಂ ಜೀಸಸ್' ಎಂದಿದ್ದರೆ ಇಡೀ ಗೋವಾದಲ್ಲಿ ಒಬ್ಬನೂ ನಮ್ಮನ್ನು ಬೇರೆಡೆ ಇಳಿಸುತ್ತಿರಲಿಲ್ಲ. ನಮ್ಮಲ್ಲಿಗೆ ಬಂದವರು ರಿಕ್ಷಾದವನಿಗೆ 'ಗೋಳಗುಮ್ಮಟ' ಎನ್ನುತ್ತಾರೆಯೇ ಹೊರತು ಯಾರೂ ಬಡಾವಣೆಯ ಹೆಸರು ಹೇಳುವುದಿಲ್ಲ.

ವಾಕಿಂಗಿನ ಗೆಳೆಯರ ಪ್ರಶ್ನೆಗೆ ಬರುತ್ತೇನೆ. ಮೊಣಕಾಲು ಗಟ್ಟಿಯಿದ್ದು, ನೋಡಲೇಬೇಕಾದ ಜಾಗ ಒಂದೇ ಇದ್ದು, ಬೆಳಿಗ್ಗೆ ಗೇಟಿನಲ್ಲೇ ಇಡೀ ದಿನಕ್ಕೆ ಕಾರು ಗೊತ್ತುಮಾಡುವ ಮನಸ್ಸಿದ್ದರೆ ನೀವೇ ಹೋಗಿ. ಮಾತ್ರೆ ಜೇಬಿನಲ್ಲಿರಲಿ, ಆ ಹಾಳೆಯೂ ಇರಲಿ. ಹತ್ತು ಜಾಗ ನೋಡುವ ಆಸೆ ಇದ್ದರೆ ಟೂರಿನ ಸ್ಟಿಕ್ಕರ್ ಅಂಟಿಸಿಕೊಳ್ಳಿ. ವಿಜಯಪುರದವರಿಗಾದರೆ ಮೂರನೆಯ ದಾರಿಯೂ ಇದೆ, ಅದು ರಾತ್ರಿ ಬಸ್ಸು. ಅದರಲ್ಲಿ ಹೋದರೆ ಜುವಾರಿ ದಡದ ಕದಂಬರ ಗೋಡೆಯನ್ನೂ ನೋಡಬಹುದು. ನಾನು ಮಳೆಗಾಲ ಮುಗಿದ ಮೇಲೆ ಹೊರಡುವವನಿದ್ದೇನೆ, ಶುಕ್ರವಾರ ಬಿಟ್ಟು.

ಆ ಸಂಜೆ ಹಡಗು ದಡ ಬಿಟ್ಟಾಗ ಡೆಕ್ಕಿನ ಮೇಲೆ ಕುಳಿತಿದ್ದೆವು. ಅಕ್ಕ ಮಾತ್ರೆ ನುಂಗಿ, "ನೀನು ಅಷ್ಟು ದೂರ ನಡೆದು ನೋಡಿದ್ದೇನು, ತೋರಿಸು" ಎಂದಳು. ಮೊಬೈಲಿನಲ್ಲಿ ಚಿತ್ರ ತೆಗೆದು ಕೊಟ್ಟೆ. ಬೆರಳಿನಿಂದ ಹಿಗ್ಗಿಸಿದಳು, ಕುಗ್ಗಿಸಿದಳು, ಮತ್ತೆ ಹಿಗ್ಗಿಸಿದಳು.

"ಬಾಗಿಲು ಚೆನ್ನಾಗಿದೆ" ಎಂದಳು. "ಮನೆ ಎಲ್ಲಿ?"